ಕೊಲ್ಲೆನೆಂದವರ ಸೈನ್ಯಶಿಕ್ಷಣ

ಅಮೆರಿಕದ ಟೆಕ್ಸಸ್ ಸಂಸ್ಥಾನದ ಸ್ಯಾನ್ ಆಂಟೋನಿಯೊ ನಗರದಲ್ಲಿ ಫೋರ್ಟ್ ಸ್ಯಾಮ್ ಹ್ಯೂಸ್ಟನ್ ಎಂಬ ಹಳೆಯ ದಂಡಿನ ಠಾಣ್ಯವೊಂದಿದೆ. ವಿಯೆಟ್ನಾಂ ಯುದ್ಧವು ನಡೆಯುತ್ತಿದ್ದ ವರ್ಷಗಳಲ್ಲಿ, ಕಡ್ಡಾಯ ಸೈನ್ಯಸೇವೆಯ ಶಾಸನದ ಕರೆಗೆ ಓಗೊಟ್ಟು ದೇಶದ ನಾನಾ ಮೂಲೆಗಳಿಂದ ಅಲ್ಲಿಗೆ ಬಂದಿಳಿಯುತ್ತಿದ್ದ ತರುಣರ ನಡುವೆ ಒಂದು ವರ್ಗದವರು ಒಂದೇ ಒಂದು ಅಂಶದಲ್ಲಿ ಉಳಿದ ಸೈನಿಕರಿಂದ ಭಿನ್ನರಾಗಿದ್ದರು. ಅವರೂ ಎಲ್ಲರಂತೆ ತಲೆಗೂದಲನ್ನು ಕತ್ತರಿಸಿಕೊಂಡರು, ಎಲ್ಲರಂತೆ ಹಸಿರು ಸಮವಸ್ತ್ರವನ್ನು ತೊಟ್ಟರು, ಹೊತ್ತು ಮೂಡುವ ಮೊದಲೇ ಎದ್ದು ಕವಾಯತು ಮಾಡಿದರು. ಆದರೆ ಅವರ ಕೈಗೆ ಬಂದೂಕು ಬರಲಿಲ್ಲ. ಶಸ್ತ್ರವನ್ನು ಮುಟ್ಟುವುದಿಲ್ಲವೆಂದು ಅವರು ಮೊದಲೇ ಸರಕಾರಕ್ಕೆ ಅರಿಕೆ ಮಾಡಿಕೊಂಡಿದ್ದರು. ಸರಕಾರವು ಅದನ್ನು ವಿಚಾರಿಸಿ, ಒಪ್ಪಿ, 1-ಎ-ಒ ಎಂಬ ಗುರುತನ್ನು ಅವರ ಹೆಸರಿನ ಮುಂದೆ ಬರೆದು, ಕೊಲ್ಲುವ ವಿದ್ಯೆಯನ್ನು ಬಿಟ್ಟು ಉಳಿಸುವ ವಿದ್ಯೆಯನ್ನು ಕಲಿಯಲೆಂದು ಅವರನ್ನು ಇಲ್ಲಿಗೆ ಕಳುಹಿಸಿತ್ತು.

ಈ ಏರ್ಪಾಡು ಒಂದು ದಿನದಲ್ಲಿ ಆದುದಲ್ಲ; ಅದರ ಹಿಂದೆ ಕಣ್ಣೀರು ಬಹಳವಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಎಂದರೆ 1917ರ ಶಾಸನದಲ್ಲಿ, ಯುದ್ಧವನ್ನೊಲ್ಲದ ಕೆಲವು ಕ್ರೈಸ್ತ ಪಂಥಗಳವರಿಗೆ ಶಸ್ತ್ರವಿಲ್ಲದ ಸೇವೆಯ ಅವಕಾಶವೇನೋ ಇತ್ತು. ಆದರೆ ಸಮವಸ್ತ್ರವನ್ನು ಧರಿಸುವುದೇ ಪಾಪವೆಂದು ನಂಬಿದವರಿಗೆ ಆ ಶಾಸನವು ಬೇರೆ ದಾರಿಯನ್ನು ತೋರಿಸಲಿಲ್ಲ; ಅವರಲ್ಲಿ ಹಲವರು ಸೆರೆಮನೆಯನ್ನು ಸೇರಿದರು. ಹಟ್ಟರೈಟ್ ಪಂಥಕ್ಕೆ ಸೇರಿದ ಜೋಸೆಫ್ ಹೋಫರ್, ಮೈಕೆಲ್ ಹೋಫರ್ ಎಂಬ ಸಹೋದರರು ಆಲ್ಕಟ್ರಾಜ್ ದ್ವೀಪದ ಸೆರೆಯಲ್ಲಿ ನರಳಿ, ಅಲ್ಲಿಂದ ಲೆವನ್‌ವರ್ತ್ ಸೆರೆಮನೆಗೆ ಸಾಗಿಸಲ್ಪಟ್ಟು, 1918ರ ಕೊನೆಯಲ್ಲಿ, ಯುದ್ಧವು ಮುಗಿದ ಮೇಲೆ, ಅಲ್ಲಿಯೇ ಪ್ರಾಣಬಿಟ್ಟರು. ಇಂತಹ ಸಂಗತಿಗಳ ನೆನಪು ಇನ್ನೂ ಮಾಸದಿದ್ದ ಕಾಲದಲ್ಲಿ, 1940ರ ಸೆಪ್ಟೆಂಬರ್ 16ರಂದು, ಅಧ್ಯಕ್ಷ ರೂಸ್‌ವೆಲ್ಟರು ಹೊಸ ಶಾಸನಕ್ಕೆ ಅಂಕಿತ ಹಾಕಿದರು. ಶಾಂತಿಕಾಲದಲ್ಲಿಯೇ ತರುಣರನ್ನು ಸೈನ್ಯಕ್ಕೆ ಕರೆಯುವ ಶಾಸನವು ಆ ದೇಶದಲ್ಲಿ ಅದೇ ಮೊದಲನೆಯದು. ಧಾರ್ಮಿಕ ಶಿಕ್ಷಣ ಮತ್ತು ನಂಬಿಕೆಯ ಕಾರಣದಿಂದ ಎಲ್ಲ ಬಗೆಯ ಯುದ್ಧವನ್ನೂ ವಿರೋಧಿಸುವವನಿಗೆ ಅದು ಎರಡು ದಾರಿಗಳನ್ನು ತೆರೆಯಿತು: ಸೈನ್ಯದೊಳಗೆ ಶಸ್ತ್ರವಿಲ್ಲದ ಸೇವೆ ಒಂದು, ಅದನ್ನೂ ಒಲ್ಲದವನಿಗೆ ನಾಗರಿಕರ ಮೇಲ್ವಿಚಾರಣೆಯಲ್ಲಿ ಕಾಡು ಬೆಳೆಸುವುದು, ಕಾಳ್ಗಿಚ್ಚು ನಂದಿಸುವುದು, ಚಿತ್ತವಿಕಾರದ ರೋಗಿಗಳ ಶುಶ್ರೂಷೆ ಮುಂತಾದ ಕೆಲಸ ಇನ್ನೊಂದು. ಎರಡನೆಯ ಮಹಾಯುದ್ಧದಲ್ಲಿ ಮೊದಲ ದಾರಿಯನ್ನು ಹಿಡಿದವರು ಸುಮಾರು 25,000 ಮಂದಿ, ಎರಡನೆಯದನ್ನು ಹಿಡಿದವರು ಸುಮಾರು 12,000 ಮಂದಿ, ಎರಡನ್ನೂ ಒಲ್ಲದೆ ಸೆರೆಮನೆಗೆ ಹೋದವರು ಸುಮಾರು 6,000 ಮಂದಿ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಶಸ್ತ್ರವಿಲ್ಲದ ಸೇವೆಯೆಂದರೆ ಅಡುಗೆಮನೆಯೋ ಉಗ್ರಾಣವೋ ಎಂಬ ಸಂದಿಗ್ಧವು ಮೊದಮೊದಲು ಇದ್ದಿತಾದರೂ, 1943ರಿಂದೀಚೆಗೆ ಅಂತಹವರನ್ನು ಸೈನ್ಯದ ವೈದ್ಯಶಾಖೆಗೇ ಕಳುಹಿಸುವುದು ವಾಡಿಕೆಯಾಯಿತು.

ಹೀಗೆ ಬಂದವರಲ್ಲಿ ಅತಿ ಹೆಚ್ಚು ಸಂಖ್ಯೆಯವರು ಸೆವೆಂತ್-ಡೇ ಅಡ್ವೆಂಟಿಸ್ಟ್ ಪಂಥದವರು. ಬೆಂಗಳೂರಿನ ಲೌರಿ ಸ್ಮಾರಕ ವಿದ್ಯಾಸಂಸ್ಥೆಯನ್ನು ನಡೆಸುವವರು ಇದೇ ಪಂಥದವರಾದುದರಿಂದ ಆ ಹೆಸರು ನಮ್ಮವರಿಗೆ ತೀರ ಅಪರಿಚಿತವಲ್ಲ. ಅಮೆರಿಕದ ಅಂತರ್ಯುದ್ಧವು ಉರಿಯುತ್ತಿದ್ದಾಗಲೇ, 1863ರಲ್ಲಿ, ವ್ಯವಸ್ಥಿತ ರೂಪವನ್ನು ತಾಳಿದ ಈ ಪಂಥಕ್ಕೆ ಎರಡು ದೈವಾಜ್ಞೆಗಳು ಸೈನ್ಯಸೇವೆಯಲ್ಲಿ ತೊಡಕಾದವು. ಕೊಲ್ಲಬಾರದೆಂಬುದು ಒಂದು, ಶನಿವಾರದ ಸಬ್ಬತ್ ದಿನದಂದು ಲೌಕಿಕವಾದ ದುಡಿಮೆಯನ್ನು ಮಾಡಬಾರದೆಂಬುದು ಇನ್ನೊಂದು. ಸೈನ್ಯದಲ್ಲಿದ್ದು ಈ ಎರಡನ್ನೂ ಮೀರದೆ ಮಾಡಬಹುದಾದ ಕೆಲಸವೊಂದಿದ್ದರೆ ಅದು ಗಾಯಾಳುಗಳ ಶುಶ್ರೂಷೆ. ಏಕೆಂದರೆ ಯೇಸುವು ಸಬ್ಬತ್ ದಿನದಂದೇ ರೋಗಿಗಳನ್ನು ಗುಣಪಡಿಸಿದನಾದುದರಿಂದ, ಆ ದಿನ ನೊಂದವರನ್ನು ಉಪಚರಿಸುವುದು ಅವರ ದೃಷ್ಟಿಯಲ್ಲಿ ಆಜ್ಞೆಯ ಉಲ್ಲಂಘನೆಯಲ್ಲ, ಪಾಲನೆ. ಇದನ್ನು ಅವರ ಹಿರಿಯರು ಮೊದಲೇ ಆಲೋಚಿಸಿದ್ದರು. ನೆಬ್ರಾಸ್ಕ ಸಂಸ್ಥಾನದ ಲಿಂಕನ್ ನಗರದಲ್ಲಿದ್ದ ಅಂದಿನ ಯೂನಿಯನ್ ಕಾಲೇಜಿನಲ್ಲಿ ಎವರೆಟ್ ಡಿಕ್ ಎಂಬ ಇತಿಹಾಸದ ಅಧ್ಯಾಪಕರು 1934ರಲ್ಲಿಯೇ ವಿದ್ಯಾರ್ಥಿಗಳ ಒಂದು ದಳವನ್ನು ಕಟ್ಟಿ, ಬಂದೂಕಿಲ್ಲದ ಕವಾಯತು, ಸ್ಟ್ರೆಚರು ಹೊರುವ ಕ್ರಮ, ಪ್ರಥಮ ಚಿಕಿತ್ಸೆ ಇವುಗಳನ್ನು ಕಲಿಸಲಾರಂಭಿಸಿದರು. ಯುದ್ಧವು ಬಂದೇ ಬರುವುದಾದರೆ ತಮ್ಮ ಹುಡುಗರು ಕೇವಲ ಒಲ್ಲೆವೆಂದು ನಿಲ್ಲುವವರಾಗಬಾರದು, ಮಾಡಬಲ್ಲ ಕೆಲಸವೊಂದನ್ನು ಕೈಯಲ್ಲಿ ಹಿಡಿದು ನಿಲ್ಲುವವರಾಗಬೇಕು ಎಂಬುದು ಅವರ ಎಣಿಕೆ. ಆ ಎಣಿಕೆಯಲ್ಲಿ ದೂರದೃಷ್ಟಿಯಿತ್ತೆಂದು ನಾನು ತಿಳಿಯುತ್ತೇನೆ.

ಸೈನ್ಯದ ವೈದ್ಯಶಿಕ್ಷಣ ಶಾಲೆಯು ಪೆನ್ಸಿಲ್ವೇನಿಯದ ಕಾರ್ಲೈಲ್ ಠಾಣ್ಯದಿಂದ ಸ್ಯಾಮ್ ಹ್ಯೂಸ್ಟನ್ನಿಗೆ ಬಂದುದು 1946ರಲ್ಲಿ. ವಿಯೆಟ್ನಾಂ ಯುದ್ಧದ ಕಾಲಕ್ಕೆ ಅಲ್ಲಿನ ಶುಶ್ರೂಷಕರ ಪಾಠಕ್ರಮವು ಸುಮಾರು 10 ವಾರಗಳದಾಗಿತ್ತು. ಮನುಷ್ಯದೇಹವನ್ನು ಅರಿಯುವುದಕ್ಕೆ ವೈದ್ಯಕೀಯ ಕಾಲೇಜಿನಲ್ಲಿ ವರುಷಗಳೇ ಬೇಕಾಗುವಾಗ, ಹದಿನೆಂಟು ಇಪ್ಪತ್ತರ ಹುಡುಗನೊಬ್ಬನಿಗೆ 10 ವಾರಗಳಲ್ಲಿ ಏನನ್ನು ಕಲಿಸಲಾದೀತು? ಈ ಪ್ರಶ್ನೆಯನ್ನು ಆ ಶಾಲೆಯವರು ಬಿಡಿಸಿದ ರೀತಿಯಲ್ಲಿ ಒಂದು ಬಗೆಯ ಕಠಿಣವಾದ ವಿವೇಕವಿದೆ. ರೋಗಗಳನ್ನೆಲ್ಲ ಅವರು ಬದಿಗಿಟ್ಟರು. ಗಾಯಗೊಂಡವನು ಶಸ್ತ್ರವೈದ್ಯನ ಮೇಜನ್ನು ಸೇರುವ ಮೊದಲೇ ಸಾಯುವುದು ಯಾವ ಯಾವ ಕಾರಣದಿಂದ ಎಂಬುದನ್ನಷ್ಟೇ ಮುಂದಿಟ್ಟುಕೊಂಡು, ಆ ಕೆಲವೇ ಕಾರಣಗಳಿಗೆ ಕೈಯಲ್ಲಿ ಮಾಡಬಹುದಾದ ಕೆಲವೇ ಪರಿಹಾರಗಳನ್ನು ಆಯ್ದು, ಅವು ಬುದ್ಧಿಯನ್ನು ಕೇಳದೆ ಬೆರಳುಗಳಿಗೇ ಬರುವಷ್ಟು ಸಾರಿ ಮಾಡಿಸಿದರು. ಉಸಿರಿನ ದಾರಿಯನ್ನು ತೆರೆ, ರಕ್ತವನ್ನು ನಿಲ್ಲಿಸು, ಗಾಯವನ್ನು ಕಾಪಾಡು, ಆಘಾತವನ್ನು ತಡೆ: ಆ ಶಾಲೆಯ ಪಾಠವೆಲ್ಲವೂ ಈ ನಾಲ್ಕು ಸೂತ್ರಗಳ ಭಾಷ್ಯವೆಂದೇ ಹೇಳಬಹುದು.

ಅದರಲ್ಲಿ ಮೊದಲ ಹೆಜ್ಜೆ ಸೂಜಿಯದು. ಕಿತ್ತಳೆಯ ಹಣ್ಣಿನ ಸಿಪ್ಪೆಯು ಮನುಷ್ಯನ ಚರ್ಮದಂತೆ ಕೊಂಚ ತಡೆದು ಅನಂತರ ಬಿಟ್ಟುಕೊಡುವುದರಿಂದ ಹುಡುಗರು ಮೊದಲು ಹಣ್ಣಿಗೆ ಚುಚ್ಚಿ ಕಲಿತರು. ಅನಂತರ ಒಬ್ಬರ ತೋಳಿಗೊಬ್ಬರು ಚುಚ್ಚಿದರು, ಒಬ್ಬರ ರಕ್ತವನ್ನೊಬ್ಬರು ತೆಗೆದರು. ಮೊದಲ ದಿನ ತನ್ನ ರಕ್ತವನ್ನು ಕಂಡು ಕುಸಿದುಬಿದ್ದವನೂ ಮುಂದೆ ಪಕ್ಕದವನ ರಕ್ತನಾಳವನ್ನು ಬೆರಳ ತುದಿಯಿಂದಲೇ ಹುಡುಕಬಲ್ಲವನಾಗುತ್ತಿದ್ದನು. ಇನ್ನೊಬ್ಬನ ಕೈಯಲ್ಲಿ ತಾನು ಸುಖವಾಗಿರಬೇಕಾದರೆ ತನ್ನ ಕೈಯೂ ಮೃದುವಾಗಿರಬೇಕೆಂಬ ಅರಿವು ಯಾವ ಉಪನ್ಯಾಸದಿಂದಲೂ ಬರತಕ್ಕದ್ದಲ್ಲ.

ಆಮೇಲೆ ಗಾಯಗಳ ಪಾಠ. ರಬ್ಬರಿನಿಂದಲೂ ಬಣ್ಣದಿಂದಲೂ ಮಾಡಿದ ಕೃತಕ ಗಾಯಗಳನ್ನು ಸಹಪಾಠಿಗಳ ಮೈಗೆ ಅಂಟಿಸಿ, ಅವುಗಳಿಂದ ಕೆಂಪು ನೀರು ಚಿಮ್ಮುವಂತೆ ಮಾಡಿ, ಚೀರಾಟದ ನಡುವೆ, ಹೊಗೆಯ ನಡುವೆ, ಕತ್ತಲೆಯಲ್ಲಿ, ಕಟ್ಟುಕಟ್ಟಿಸುತ್ತಿದ್ದರು. ಎದೆಗೆ ತೂತಾದಾಗ ಹೊರಗಿನ ಗಾಳಿಯು ಗಾಯದ ಮೂಲಕವೇ ಒಳನುಗ್ಗಿ ಶ್ವಾಸಕೋಶವು ಮುದುಡಿಹೋಗುವುದರಿಂದ, ಆ ತೂತನ್ನು ಗಾಳಿಯಾಡದಂತೆ ಮುಚ್ಚಬೇಕು; ಮುಚ್ಚಲು ಬೇರೇನೂ ಇಲ್ಲದಿದ್ದರೆ ಬ್ಯಾಂಡೇಜನ್ನು ಸುತ್ತಿಬಂದ ಹೊದಿಕೆಯೇ ಸಾಕು. ಹೊಟ್ಟೆಯಿಂದ ಕರುಳು ಹೊರಬಂದಿದ್ದರೆ ಅದನ್ನು ಒಳಕ್ಕೆ ತುರುಕಬಾರದು, ತೇವದ ಬಟ್ಟೆಯಿಂದ ಮುಚ್ಚಿಡಬೇಕು. ಮಾರ್ಫೀನ್ ಕೊಟ್ಟರೆ ಅದನ್ನು ಗಾಯಾಳುವಿನ ಮೇಲೆಯೇ ಗುರುತಿಸಬೇಕು, ಮುಂದಿನವನು ತಿಳಿಯದೆ ಮತ್ತೊಮ್ಮೆ ಕೊಟ್ಟು ಉಸಿರನ್ನು ನಿಲ್ಲಿಸದಂತೆ. ತಲೆಗೆ ಪೆಟ್ಟಾದವನಿಗೆ ಎಷ್ಟೇ ನರಳಿದರೂ ಅದನ್ನು ಕೊಡಬಾರದು. ರಕ್ತವು ನಿಲ್ಲದಿದ್ದಾಗ ತೋಳಿಗೋ ತೊಡೆಗೋ ಬಿಗಿಯುವ ಟೂರ್ನಿಕೆಟ್ ಕಟ್ಟನ್ನು ಆ ಕಾಲದಲ್ಲಿ ಕೊನೆಯ ಉಪಾಯವೆಂದು ಕಲಿಸುತ್ತಿದ್ದರು. ಅಂಗವೇ ಹೋದೀತೆಂಬ ಅಂಜಿಕೆ ಅದಕ್ಕೆ ಕಾರಣ. ಕೈಕಾಲುಗಳ ರಕ್ತಸ್ರಾವದಿಂದ ಉಳಿಸಬಹುದಾಗಿದ್ದ ಎಷ್ಟೋ ಜೀವಗಳು ವಿಯೆಟ್ನಾಮಿನಲ್ಲಿ ಹೋದುವೆಂಬುದು ಆಮೇಲೆ ಸ್ಪಷ್ಟವಾಗಿ, ನೌಕಾವೈದ್ಯ ಫ್ರಾಂಕ್ ಬಟ್ಲರರೂ ಅವರ ಸಂಗಡಿಗರೂ 1996ರಲ್ಲಿ ಪ್ರಕಟಿಸಿದ ಹೊಸ ಪದ್ಧತಿಯಲ್ಲಿ ಗುಂಡಿನ ಮಳೆಯ ನಡುವೆ ಮೊತ್ತಮೊದಲು ಮಾಡಬೇಕಾದ ಚಿಕಿತ್ಸೆಯೇ ಆ ಕಟ್ಟು ಎಂದಾಯಿತು. ಒಂದು ಶಾಲೆಯ ಪಾಠವು ತಿದ್ದುಪಡಿಯಾಗುವುದಕ್ಕೆ ತೆರಬೇಕಾದ ಬೆಲೆಯು ಕೆಲವು ವಿದ್ಯೆಗಳಲ್ಲಿ ಇಷ್ಟು ದೊಡ್ಡದು.

ನಗರದ ವಾಯವ್ಯಕ್ಕಿರುವ ಕ್ಯಾಂಪ್ ಬುಲ್ಲಿಸ್ ಎಂಬ ಕುರುಚಲುಕಾಡಿನಲ್ಲಿ ವಿಯೆಟ್ನಾಮಿನ ಹಳ್ಳಿಯೊಂದರ ಪ್ರತಿಕೃತಿಯನ್ನು ಕಟ್ಟಿ ಅಲ್ಲಿ ಕೊನೆಯ ಅಭ್ಯಾಸವನ್ನು ನಡೆಸುತ್ತಿದ್ದರು. ಆದರೆ ಯಾವ ಪ್ರತಿಕೃತಿಯಲ್ಲಿಯೂ ಕಲಿಸಲಾಗದ ವಿದ್ಯೆಯೊಂದಿದೆ. ಅದು ಗಾಯಾಳುಗಳಲ್ಲಿ ಯಾರು ಮೊದಲು, ಯಾರು ಆಮೇಲೆ ಎಂಬ ವಿಂಗಡಣೆ. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಲಾರೆಯು, ಪದವಿಯನ್ನಾಗಲಿ ದೇಶವನ್ನಾಗಲಿ ನೋಡದೆ ಗಾಯದ ತೀವ್ರತೆಯನ್ನು ಮಾತ್ರ ನೋಡಿ ಚಿಕಿತ್ಸೆ ಮಾಡಬೇಕೆಂದು ವಿಧಿಸಿದನು. 1864ರ ಜಿನೀವಾ ಒಪ್ಪಂದವು ಅದೇ ಧರ್ಮವನ್ನು ರಾಷ್ಟ್ರಗಳ ಕಾನೂನನ್ನಾಗಿ ಮಾಡಿ, ಶುಶ್ರೂಷಕನಿಗೆ ರಕ್ಷಣೆಯ ಹಕ್ಕನ್ನು ಕೊಟ್ಟು, ಪ್ರತಿಯಾಗಿ ಶತ್ರುವಿನ ಗಾಯಾಳುವನ್ನೂ ತನ್ನವನಂತೆಯೇ ನೋಡಿಕೊಳ್ಳುವ ಹೊಣೆಯನ್ನು ಹೊರಿಸಿತು. ಇದನ್ನು ತರಗತಿಯಲ್ಲಿ ಕೇಳುವುದು ಸುಲಭ. ಇಬ್ಬರು ಬಿದ್ದಿರುವಾಗ, ಬದುಕುವ ಆಸೆಯಿಲ್ಲದವನು ತನ್ನ ಆಪ್ತನಾಗಿದ್ದು ಅವನು ಹೆಸರು ಹಿಡಿದು ಕೂಗುತ್ತಿರುವಾಗ, ಅವನನ್ನು ದಾಟಿ, ಬದುಕಬಲ್ಲ ಅಪರಿಚಿತನ ಬಳಿಗೆ ಹೋಗಬೇಕಾದ ಇಪ್ಪತ್ತು ವರ್ಷದವನ ಕಷ್ಟವನ್ನು ಎಣಿಸಿಕೊಂಡರೆ ನನ್ನ ಮನಸ್ಸು ನಿಲ್ಲುವುದಿಲ್ಲ. ತಾಯಿತಂದೆಗಳು ಅದುವರೆಗೆ ಮನೆಯ ಯಾವ ದೊಡ್ಡ ನಿರ್ಧಾರವನ್ನೂ ವಹಿಸಿರದ ವಯಸ್ಸಿನವನಿಗೆ ರಾಷ್ಟ್ರವು ಜೀವಮರಣಗಳ ತಕ್ಕಡಿಯನ್ನು ವಹಿಸುತ್ತಿತ್ತು.

ಯುದ್ಧಭೂಮಿಯ ನಿತ್ಯದ ಕೆಲಸವಾದರೋ ಬಹುಮಟ್ಟಿಗೆ ಇಷ್ಟು ಭೀಕರವಲ್ಲ. ಒದ್ದೆಯ ಬೂಟಿನಲ್ಲಿ ಕೊಳೆಯುವ ಪಾದಗಳನ್ನು ನೋಡುವುದು, ವಾರಕ್ಕೊಮ್ಮೆ ಮಲೇರಿಯದ ಗುಳಿಗೆಯನ್ನು ಎಲ್ಲರೂ ನುಂಗಿದರೆಂದು ಕಣ್ಣಾರೆ ನೋಡುವುದು, ಬಿಸಿಲಿನಲ್ಲಿ ನೀರು ಕುಡಿಯೆಂದು ಬೆನ್ನುಹತ್ತುವುದು, ಹಳ್ಳಿಯ ಮಕ್ಕಳ ಹುಣ್ಣುಗಳನ್ನು ತೊಳೆಯುವುದು. ಸೈನಿಕರು ತಮ್ಮ ಶುಶ್ರೂಷಕನನ್ನು ‘ಡಾಕ್’ ಎಂದೇ ಕರೆಯುತ್ತಿದ್ದರು. ತರಬೇತಿಯ ಠಾಣ್ಯದಲ್ಲಿ ಹೇಡಿಯೆಂದು ಹಳಿಸಿಕೊಂಡವನಿಗೂ ಮೊದಲ ಕಾಳಗದ ಮರುದಿನ ಆ ಹೆಸರು ಬರುತ್ತಿತ್ತು.

ಡೆಸ್ಮಂಡ್ ಡಾಸ್‌ನ ಕಥೆಯನ್ನು 2016ರ ಚಲನಚಿತ್ರವು ಲೋಕಕ್ಕೆಲ್ಲ ಹೇಳಿರುವುದರಿಂದ ಅದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಹಡಗುಕಟ್ಟೆಯ ಕೆಲಸದಲ್ಲಿದ್ದು ಸೈನ್ಯದಿಂದ ವಿನಾಯಿತಿಯನ್ನು ಪಡೆಯಬಹುದಾಗಿದ್ದ ಈ ವರ್ಜೀನಿಯದ ಅಡ್ವೆಂಟಿಸ್ಟ್ ತರುಣನು 1942ರಲ್ಲಿ ಸೇವೆಗೆ ಬಂದನು. ಒಕಿನಾವಾ ದ್ವೀಪದ ಮಾಯೆಡಾ ದಿಬ್ಬದ ಮೇಲೆ, 1945ರ ಮೇ ತಿಂಗಳ ಒಂದು ಸಬ್ಬತ್ ದಿನ, ಉಳಿದವರೆಲ್ಲ ಹಿಂದೆಗೆದ ಮೇಲೂ ಒಬ್ಬನೇ ನಿಂತು, ಗಾಯಾಳುಗಳನ್ನು ಒಬ್ಬೊಬ್ಬರನ್ನಾಗಿ ಹಗ್ಗದಿಂದ ಕೆಳಗಿಳಿಸಿದನು. ಹಾಗೆ ಬದುಕಿಕೊಂಡವರು ಸುಮಾರು 75 ಮಂದಿ ಎಂದು ಅವನಿಗೆ ಅಧ್ಯಕ್ಷ ಟ್ರೂಮನ್ನರು ಅದೇ ವರ್ಷದ ಅಕ್ಟೋಬರ್ 12ರಂದು ತೊಡಿಸಿದ ಪದಕದ ಪ್ರಶಸ್ತಿಪತ್ರವು ಹೇಳುತ್ತದೆ. ಆ ಕಥೆಯಲ್ಲಿ ನನ್ನ ಗಮನವನ್ನು ಹಿಡಿದು ನಿಲ್ಲಿಸುವುದು ಅವನ ಧೈರ್ಯಕ್ಕಿಂತಲೂ ಆ ಹಗ್ಗದ ಗಂಟು. ಎರಡು ಕುಣಿಕೆಗಳುಳ್ಳ ಆ ಗಂಟನ್ನು ಅವನು ತರಬೇತಿಯ ದಿನಗಳಲ್ಲಿ ಕಲಿತಿದ್ದನು. ಒಂದೊಂದು ಕುಣಿಕೆಗೆ ಒಂದೊಂದು ಕಾಲನ್ನು ತೂರಿಸಿ, ಎದೆಗೆ ಹಗ್ಗವನ್ನು ಸುತ್ತಿದರೆ, ಪ್ರಜ್ಞೆಯಿಲ್ಲದವನೂ ಜಾರದೆ ಇಳಿಯುತ್ತಾನೆ. ಪ್ರಾರ್ಥನೆಯು ಅವನನ್ನು ದಿಬ್ಬದ ಮೇಲೆ ನಿಲ್ಲಿಸಿತು. ಗಾಯಾಳುಗಳನ್ನು ಕೆಳಗಿಳಿಸಿದುದು ಆ ಗಂಟು.

ಇಲ್ಲಿಗೆ ಬಂದಾಗ ತಪ್ಪಿಸಿಕೊಳ್ಳಲಾಗದ ಪ್ರಶ್ನೆಯೊಂದು ಎದುರಾಗುತ್ತದೆ. ಅಮೆರಿಕದ ಸೈನ್ಯದ ವೈದ್ಯಶಾಖೆಯ ಧ್ಯೇಯವಾಕ್ಯವು ಹೋರಾಡುವ ಶಕ್ತಿಯನ್ನು ಸಂರಕ್ಷಿಸುವುದು ಎಂಬ ಅರ್ಥವುಳ್ಳದ್ದು. ಗುಣವಾದ ಸೈನಿಕನು ಮರಳಿ ಬಂದೂಕನ್ನು ಹಿಡಿಯುವುದಾದರೆ ಅವನನ್ನು ಗುಣಪಡಿಸಿದವನು ಯುದ್ಧದಿಂದ ಹೊರಗೆ ಉಳಿದನೆಂದು ಹೇಳುವುದು ಹೇಗೆ? ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ತಮ್ಮ ಮೈಮೇಲೆಯೇ ಹಾಕಿಕೊಂಡು ನೋಡಿದವರು ಗಾಂಧೀಜಿ. ಬೋಯರ್ ಯುದ್ಧದಲ್ಲಿ ಸುಮಾರು 1,100 ಮಂದಿ ಭಾರತೀಯರ ಶುಶ್ರೂಷಾದಳವನ್ನು ಕಟ್ಟಿ, 1900ರ ಜನವರಿಯ ಸ್ಪಿಯೋನ್ ಕಾಪ್ ಕಾಳಗದ ಗಾಯಾಳುಗಳನ್ನು ಮೈಲಿಗಟ್ಟಲೆ ಹೊತ್ತವರು ಅವರು. 1914ರಲ್ಲಿ ಲಂಡನ್ನಿನಲ್ಲಿ ಮತ್ತೆ ಅಂತಹದೇ ದಳವನ್ನು ಸೇರಿಸಲು ಹೊರಟಾಗ, ಇದು ಅಹಿಂಸೆಗೆ ಹೊಂದುವುದೇ ಎಂದು ದಕ್ಷಿಣ ಆಫ್ರಿಕದ ಮಿತ್ರರು ಕೇಳಿದರು. ಆ ಪ್ರಸಂಗವನ್ನು ಆತ್ಮಕಥೆಯಲ್ಲಿ ನಿರೂಪಿಸುತ್ತ, ಗಾಯಾಳುಗಳ ಸೇವೆಯನ್ನಷ್ಟೇ ಮಾಡಿದವನೂ ಯುದ್ಧದ ದೋಷದಿಂದ ಮುಕ್ತನಾಗಲಾರನೆಂಬುದನ್ನು ಅವರು ನಿಸ್ಸಂದಿಗ್ಧವಾಗಿ ಒಪ್ಪಿಕೊಂಡರು. ಒಪ್ಪಿಕೊಂಡೂ ತಮ್ಮ ಅಂದಿನ ಸ್ಥಿತಿಯಲ್ಲಿ ಅದೇ ಕರ್ತವ್ಯವೆಂದು ತೋರಿತೆಂದು ಬರೆದರು. ಸೇವೆಯನ್ನು ಮಾಡಿಯೂ ಅದರಿಂದ ತನ್ನ ಕೈ ಶುದ್ಧವಾಯಿತೆಂದು ಭಾವಿಸದಿರುವ ಈ ನಿಲುವು ಫೋರ್ಟ್ ಸ್ಯಾಮ್ ಹ್ಯೂಸ್ಟನ್ನಿನ ಅನೇಕ ತರುಣರ ಮನಃಸ್ಥಿತಿಗೆ ಬಹಳ ಹತ್ತಿರವಾದುದೆಂದು ನನಗೆ ತೋರುತ್ತದೆ.

ಇದೇ ಪ್ರಶ್ನೆಗೆ ಬೇರೊಂದು ಉತ್ತರವನ್ನು ಕೊಟ್ಟವರೂ ಇದ್ದರು. ದಕ್ಷಿಣ ಕ್ಯಾರೊಲೈನದ ಫೋರ್ಟ್ ಜ್ಯಾಕ್ಸನ್ನಿನಲ್ಲಿ ಚರ್ಮರೋಗದ ವೈದ್ಯರಾಗಿದ್ದ ಕ್ಯಾಪ್ಟನ್ ಹೋವರ್ಡ್ ಲೀವಿ, ವಿಶೇಷ ಪಡೆಗಳ ಶುಶ್ರೂಷಕರಿಗೆ ತಮ್ಮ ವಿದ್ಯೆಯನ್ನು ಕಲಿಸಲು ನಿರಾಕರಿಸಿದರು. ಆ ಪಡೆಯವರು ಮೊದಲು ಯೋಧರು, ಆಮೇಲೆ ಶುಶ್ರೂಷಕರು; ಹಳ್ಳಿಗರಿಗೆ ಔಷಧಿ ಕೊಡುವುದು ಅವರಿಗೆ ಯುದ್ಧದ ಒಂದು ಉಪಾಯವಾದುದರಿಂದ, ಅವರಿಗೆ ಪಾಠ ಹೇಳುವುದು ವೈದ್ಯಧರ್ಮಕ್ಕೆ ದ್ರೋಹವೆಂಬುದು ಲೀವಿಯವರ ವಾದ. 1967ರಲ್ಲಿ ಸೈನಿಕ ನ್ಯಾಯಾಲಯವು ಅವರಿಗೆ ಮೂರು ವರ್ಷಗಳ ಸೆರೆಯನ್ನು ವಿಧಿಸಿತು. ಡಾಸ್‌ನೂ ಲೀವಿಯೂ ಪರಸ್ಪರ ವಿರುದ್ಧರೆಂದು ನಾನು ಎಣಿಸಲಾರೆ. ಗಾಯಾಳುವಿನ ಪಕ್ಕದಲ್ಲಿ ಕುಳಿತವನ ಕೈ ಬೇರೆ ಯಾವುದಕ್ಕೂ ಉಪಕರಣವಾಗಬಾರದೆಂಬುದೇ ಇಬ್ಬರ ಹಂಬಲವೂ. ಶಾಸನದ ಒಳ್ಳೆಯತನವನ್ನು ಹೊಗಳುವಾಗ, ಆ ಶಾಸನದ ದಾರಿಯೂ ತಮಗೆ ಸಾಲದೆಂದು ಸೆರೆಗೆ ಹೋದವರ ಗೌರವವನ್ನು ಕಡಿಮೆ ಮಾಡಬಾರದು.

ಶಸ್ತ್ರವನ್ನೊಲ್ಲದವರ ಸದ್ಭಾವವನ್ನು ರಾಷ್ಟ್ರವು ಎಷ್ಟರ ಮಟ್ಟಿಗೆ ಬಳಸಿಕೊಳ್ಳಬಹುದೆಂಬುದಕ್ಕೆ ‘ವೈಟ್‌ಕೋಟ್’ ಕಾರ್ಯಾಚರಣೆಯು ನಿದರ್ಶನ. 1954ರಿಂದ 1973ರವರೆಗೆ, ಫೋರ್ಟ್ ಸ್ಯಾಮ್ ಹ್ಯೂಸ್ಟನ್ನಿನಲ್ಲಿ ತರಬೇತಿಯಲ್ಲಿದ್ದ ಅಡ್ವೆಂಟಿಸ್ಟ್ ತರುಣರ ಮುಂದೆ ಸೈನ್ಯವು ಒಂದು ಪ್ರಸ್ತಾಪವನ್ನಿಟ್ಟಿತು: ಮೇರಿಲ್ಯಾಂಡಿನ ಫೋರ್ಟ್ ಡೆಟ್ರಿಕ್ ಪ್ರಯೋಗಶಾಲೆಗೆ ಬಂದು, ಕ್ಯೂ ಜ್ವರ, ಟುಲರೀಮಿಯ ಮುಂತಾದ ರೋಗಾಣುಗಳಿಗೆ ತಮ್ಮ ದೇಹವನ್ನು ಒಡ್ಡಿ, ಲಸಿಕೆಗಳನ್ನೂ ಔಷಧಿಗಳನ್ನೂ ಪರೀಕ್ಷಿಸಲು ನೆರವಾಗಬಹುದು. ಸುಮಾರು 2,300 ಮಂದಿ ಒಪ್ಪಿದರು. ಬರಹದಲ್ಲಿ ಒಪ್ಪಿಗೆಯನ್ನು ಪಡೆಯಲಾಯಿತು. ಪ್ರಯೋಗಕಾಲದಲ್ಲಿ ಯಾರೂ ಸಾಯಲಿಲ್ಲ. ಲಸಿಕೆಗಳ ವಿಷಯದಲ್ಲಿ ತಿಳಿವಳಿಕೆಯು ಬೆಳೆಯಿತು. ಆದರೆ 1969ರಲ್ಲಿ ಅಧ್ಯಕ್ಷ ನಿಕ್ಸನ್ನರು ಕೈಬಿಡಿಸುವವರೆಗೆ ರೋಗಾಣುಗಳನ್ನೇ ಅಸ್ತ್ರವನ್ನಾಗಿ ಮಾಡುವ ಕೆಲಸವೂ ಅದೇ ಆವರಣದಲ್ಲಿ ನಡೆಯುತ್ತಿತ್ತು. ಒಪ್ಪದಿದ್ದರೆ ವಿಯೆಟ್ನಾಮಿಗೆ ಹೋಗಬೇಕಾಗಬಹುದೆಂಬ ಅಂಜಿಕೆಯಲ್ಲಿದ್ದ ತರುಣನೊಬ್ಬನ ಒಪ್ಪಿಗೆಯನ್ನು ಸ್ವತಂತ್ರವಾದ ಒಪ್ಪಿಗೆಯೆಂದು ಕರೆಯಲು ನನಗೆ ಮನಸ್ಸೊಪ್ಪುವುದಿಲ್ಲ.

ವಿಯೆಟ್ನಾಮಿಗೆ ಹೋದವರಲ್ಲಿ ಥಾಮಸ್ ಬೆನೆಟ್ ಒಬ್ಬನು. ಪಶ್ಚಿಮ ವರ್ಜೀನಿಯದ ಮಾರ್ಗನ್‌ಟೌನಿನವನಾದ ಇವನು ವಿಶ್ವವಿದ್ಯಾಲಯವನ್ನು ಬಿಟ್ಟು, ಕೊಲ್ಲೆನೆಂಬ ನಿಬಂಧನೆಯೊಡನೆ ಶುಶ್ರೂಷಕನಾಗಿ ಸೇರಿದನು. ಅಡ್ವೆಂಟಿಸ್ಟನಲ್ಲ, ಬ್ಯಾಪ್ಟಿಸ್ಟ್ ಮನೆತನದವನು. 1969ರ ಫೆಬ್ರವರಿಯಲ್ಲಿ ಪ್ಲೇಕು ಪ್ರಾಂತದ ಬೆಟ್ಟಗಳಲ್ಲಿ ಮೂರು ದಿನಗಳ ಕಾಳಗದ ಉದ್ದಕ್ಕೂ ಬಿದ್ದವರನ್ನು ಎಳೆದು ತಂದು, ಮೂರನೆಯ ದಿನ, ಹೋಗಬೇಡವೆಂದು ಇತರರು ತಡೆದರೂ ಕೇಳದೆ, ಸಾಲಿನಾಚೆ ಬಿದ್ದಿದ್ದ ಒಬ್ಬನ ಕಡೆಗೆ ಧಾವಿಸಿ ಗುಂಡಿಗೆ ಬಲಿಯಾದನು. ವಯಸ್ಸು 21. ಅದೇ ವರ್ಷದ ಜೂನ್ 2ರಂದು ಓಹಾಯೋದ ಜೋಸೆಫ್ ಲಪಾಯಿಂಟ್ ಎಂಬ ಮತ್ತೊಬ್ಬ ಶಸ್ತ್ರವನ್ನೊಲ್ಲದ ಶುಶ್ರೂಷಕನು, ಗಾಯಾಳುಗಳಿಗೆ ತನ್ನ ಮೈಯನ್ನೇ ಮರೆಮಾಡಿ ಮಡಿದನು. ಇಬ್ಬರಿಗೂ ದೇಶದ ಅತ್ಯುನ್ನತ ಶೌರ್ಯಪದಕವು ಮರಣೋತ್ತರವಾಗಿ ಬಂದಿತು.

ಬದುಕಿ ಮರಳಿದವರ ಕಷ್ಟವು ಬೇರೆ ಬಗೆಯದು. ಗಂಟಲನ್ನು ಸೀಳಿ ಉಸಿರಿಗೆ ದಾರಿ ಮಾಡಿದ್ದವನಿಗೆ ಊರಿನ ಆಸ್ಪತ್ರೆಯಲ್ಲಿ ಥರ್ಮಾಮೀಟರನ್ನು ಹಿಡಿಯಲೂ ಅಧಿಕಾರವಿರಲಿಲ್ಲ; ಅವನ ವಿದ್ಯೆಗೆ ಪದವಿಪತ್ರವಿಲ್ಲ, ಪರವಾನಗಿಯಿಲ್ಲ. ಇದನ್ನು ಗಮನಿಸಿದ ಉತ್ತರ ಕ್ಯಾರೊಲೈನದ ಡ್ಯೂಕ್ ವಿಶ್ವವಿದ್ಯಾಲಯದ ಡಾಕ್ಟರ್ ಯೂಜೀನ್ ಸ್ಟೆಡ್, ವೈದ್ಯರ ಕೊರತೆಗೂ ಈ ವಿದ್ಯೆಯ ಅಪವ್ಯಯಕ್ಕೂ ಒಂದೇ ಪರಿಹಾರವನ್ನು ಯೋಚಿಸಿ, ನೌಕಾದಳದ ನಾಲ್ವರು ಮಾಜಿ ಶುಶ್ರೂಷಕರನ್ನು ಸೇರಿಸಿಕೊಂಡು 1965ರಲ್ಲಿ ಎರಡು ವರ್ಷಗಳ ಪಾಠಕ್ರಮವೊಂದನ್ನು ಆರಂಭಿಸಿದರು. 1967ರಲ್ಲಿ ಅವರಲ್ಲಿ ಮೂವರು ತೇರ್ಗಡೆಯಾಗಿ, ವೈದ್ಯನ ಮೇಲ್ವಿಚಾರಣೆಯಲ್ಲಿ ರೋಗಿಯನ್ನು ಪರೀಕ್ಷಿಸಿ ಚಿಕಿತ್ಸೆ ಮಾಡಬಲ್ಲ ಫಿಸಿಷಿಯನ್ ಅಸಿಸ್ಟೆಂಟ್ ಎಂಬ ಹೊಸ ವೃತ್ತಿಯ ಮೊದಲಿಗರಾದರು. 1969ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯವು ಸೈನ್ಯದಿಂದ ಮರಳಿದ ಶುಶ್ರೂಷಕರನ್ನು ವೈದ್ಯರಿಲ್ಲದ ಹಳ್ಳಿಗಾಡಿಗೆ ಕಳುಹಿಸುವ ಯೋಜನೆಯನ್ನು ಕೈಗೊಂಡಿತು. ಕಡ್ಡಾಯ ಸೇವೆಗೆ ತರುಣರನ್ನು ಕರೆಯುವ ಅಧಿಕಾರವು 1973ರ ಜೂನ್ 30ರಂದು ಕೊನೆಗೊಂಡಿತು; ಆ ವೃತ್ತಿಯಾದರೋ ಬೆಳೆಯುತ್ತಲೇ ಬಂದು, ಇಂದು ಅಮೆರಿಕದಲ್ಲಿ ಅದನ್ನು ನಡೆಸುತ್ತಿರುವವರು ಲಕ್ಷಕ್ಕೂ ಮಿಕ್ಕಿದ್ದಾರೆ.